ನಾಟಕದ ಸುಗ್ಗಿಯೂ ನಮ್ಮ ಹೆಣ್ಣುಮಕ್ಕಳೂ



ರಾಗಿಯ ಕಟಾವು ಮುಗಿದು, ಒಕ್ಕಣೆಯಾಗಿ, ಕಾಳು ಮನೆ ಸೇರಿದ ಮೇಲೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಮತ್ತೊಂದು ಸುಗ್ಗಿಯು ಆರಂಭವಾಗುವುದು. ಅದು ನಾಟಕದ ಸುಗ್ಗಿ. ಹಬ್ಬ ಜಾತ್ರೆಗಳು ಒಂದರ ಹಿಂದೊಂದು ಬರುವ ಆ ತಿಂಗಳುಗಳಲ್ಲಿ ಒಂದೂರಿನಲ್ಲಿ ಕುರುಕ್ಷೇತ್ರ, ಮತ್ತೊಂದೂರಿನಲ್ಲಿ ಶನಿಮಹಾತ್ಮೆ, ಮಗುದೊಂದೂರಿನಲ್ಲಿ ಸಂಪೂರ್ಣ ರಾಮಾಯಣ ಎಂದು ಗೋಡೆಗೋಡೆಗೂ ಕಾಗದಗಳನ್ನು ಅಂಟಿಸುವರು. ಬರಲಿರುವ ಈ ಕಾಲವನ್ನು ಮುಂದಿಟ್ಟುಕೊಂಡು ಎರಡು ವಿಷಯಗಳನ್ನು ವಿಚಾರಿಸೋಣ. ಊರಿನ ನಾಟಕವು ಹೇಗೆ ಸಿದ್ಧವಾಗುತ್ತದೆ ಎಂಬುದು ಮೊದಲನೆಯದು. ಅದರಲ್ಲಿ ನಮ್ಮ ಹೆಣ್ಣುಮಕ್ಕಳ ಸ್ಥಾನವೇನು ಎಂಬುದು ಎರಡನೆಯದು.

ಊರಿನ ನಾಟಕವೂ ಒಂದು ಪಾಠಶಾಲೆಯೇ ಸರಿ. ಅದಕ್ಕೆ ಉಪಾಧ್ಯಾಯರು ಹಾರ್ಮೋನಿಯಂ ಮೇಷ್ಟರು. ಹಗಲೆಲ್ಲ ಹೊಲದಲ್ಲಿಯೋ ರೇಷ್ಮೆಯ ಮನೆಯಲ್ಲಿಯೋ ದುಡಿದ ಗಂಡಸರು ರಾತ್ರಿ ಊಟವಾದ ಮೇಲೆ ಒಂದೆಡೆ ಕೂಡಿ ಮಾತು, ಕಂದ, ವೃತ್ತ, ಹಾಡುಗಳನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡುವರು. ಓದು ಬಾರದವರು ಸಹ ಇನ್ನೊಬ್ಬರ ಬಾಯಿಂದ ಕೇಳಿ ಕೇಳಿ ಇಡೀ ಪಾತ್ರವನ್ನು ಕಂಠಪಾಠ ಮಾಡಿಕೊಳ್ಳುವುದುಂಟು. ಪಾತ್ರ ವಹಿಸುವವರು ತಮ್ಮ ತಮ್ಮ ಪಾಲಿನ ಹಣವನ್ನು ಕೊಟ್ಟು, ಸೀನರಿಯನ್ನೂ ವೇಷಭೂಷಣಗಳನ್ನೂ ಬಾಡಿಗೆಗೆ ತರುವರು. ಬಯಸುವವರು ಹಲವರಾದರೆ ಒಂದೇ ಪಾತ್ರವನ್ನು ಹಂಚಿ, ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ನೇಮಿಸುವರು. ಹೀಗೆ ಜ್ಞಾಪಕಶಕ್ತಿ, ಸ್ವರಜ್ಞಾನ, ಹೊಂದಿ ಬಾಳುವ ಗುಣ ಇವೆಲ್ಲವೂ ಅಲ್ಲಿ ಬೆಳೆಯುತ್ತವೆ.

ಆದರೆ ಈ ಪಾಠಶಾಲೆಯು ಬಹುಮಟ್ಟಿಗೆ ಗಂಡಸರದು. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಗಳಿಗೆ ಹೊರಗಿನಿಂದ ಸಂಭಾವನೆ ಕೊಟ್ಟು ನಟಿಯರನ್ನು ಕರೆಸುವುದು ವಾಡಿಕೆ. ಊರಿನ ಹೆಣ್ಣುಮಕ್ಕಳು ಚಾಪೆಯ ಮೇಲೆ ಕುಳಿತು ನೋಡತಕ್ಕವರೇ ಹೊರತು ವೇದಿಕೆಯನ್ನು ಏರತಕ್ಕವರಲ್ಲವೆಂಬ ಭಾವನೆಯು ಇನ್ನೂ ಅನೇಕ ಮನೆಗಳಲ್ಲಿ ಉಳಿದಿದೆ.

ಈ ಭಾವನೆಯ ಮೂಲವನ್ನು ತಿಳಿಯಬೇಕಾದರೆ ಸ್ವಲ್ಪ ಚರಿತ್ರೆಯನ್ನು ನೋಡಬೇಕು. 1881ರಿಂದ 1894ರ ವರೆಗೆ ಮೈಸೂರನ್ನಾಳಿದ ಹತ್ತನೆಯ ಚಾಮರಾಜೇಂದ್ರ ಒಡೆಯರವರು ನಾಟಕಕಲೆಗೆ ಆಶ್ರಯವಿತ್ತರು. ಅವರ ಆಸ್ಥಾನದ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿದರು. ಷೇಕ್ಸ್‌ಪಿಯರನ ಒಥೆಲೋ ನಾಟಕವನ್ನು ಶೂರಸೇನ ಚರಿತ್ರೆಯಾಗಿ ಮಾರ್ಪಡಿಸಿದರು. ಆ ದಿನಗಳಲ್ಲಿ ಶಕುಂತಲೆಯಾಗಿ ಸೀರೆಯುಟ್ಟು ಬರುತ್ತಿದ್ದವನು ಗಂಡಸೇ. ಮಾಗಡಿಗೆ ನೆರೆಯ ತುಮಕೂರು ಸೀಮೆಯಲ್ಲಿ 1884ನೆಯ ಇಸವಿಯಲ್ಲಿ ಗುಬ್ಬಿ ಕಂಪೆನಿಯು ಹುಟ್ಟಿತು. ಗುಬ್ಬಿ ವೀರಣ್ಣನವರ ಕಾಲದಲ್ಲಿ ಆ ಕಂಪೆನಿಯ ರಂಗವನ್ನು ಬಿ. ಜಯಮ್ಮನವರಂಥ ನಟಿಯರು ಬೆಳಗಿದರು. ಜನರು ಅವರ ಹಾಡನ್ನು ಮೆಚ್ಚಿದರು. ಆದರೂ ನಟಿಯ ವೃತ್ತಿಯನ್ನು ಗೌರವದಿಂದ ಕಾಣುವುದಕ್ಕೆ ಸಮಾಜವು ಬಹುಕಾಲ ಹಿಂಜರಿಯಿತು.

ಇದಕ್ಕೆ ಒಬ್ಬ ಮಹಿಳೆಯು ತಕ್ಕ ಉತ್ತರವನ್ನು ಕೊಟ್ಟರು. 1926ರಲ್ಲಿ ಹುಟ್ಟಿದ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಅದರಲ್ಲಿ ಪಾತ್ರಧಾರಿಗಳೆಲ್ಲರೂ ಸ್ತ್ರೀಯರೇ. ಹಿಂದೆ ಗಂಡಸರು ಸೀರೆಯುಟ್ಟಂತೆ ಇಲ್ಲಿ ಹೆಂಗಸರು ಕಿರೀಟ ಧರಿಸಿ ಗದೆಯನ್ನು ಹಿಡಿದರು. ನಾಗರತ್ನಮ್ಮನವರ ಕಂಸ, ಭೀಮ ಮೊದಲಾದ ಪಾತ್ರಗಳು ಪ್ರಖ್ಯಾತವಾದವು. 2012ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷ ಅವರು ತೀರಿಕೊಂಡರು. ಹೆಣ್ಣಿನ ಕಂಠಕ್ಕೆ ವೀರರಸವು ಒಗ್ಗದೆಂದು ಹೇಳುವವರಿಗೆ ಅವರ ಬಾಳೇ ಸಮಾಧಾನ.

ಇನ್ನು ನಮ್ಮ ಊರುಗಳ ವಿಚಾರಕ್ಕೆ ಬರೋಣ. ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅಪಮಾನವನ್ನು ಕೇಳಿ ಕಣ್ಣೀರಿಡುವ ಪ್ರೇಕ್ಷಕರೇ, ದ್ರೌಪದಿಯ ಪಾತ್ರ ವಹಿಸಿದಾಕೆಯು ವೇದಿಕೆಗೆ ಬಂದೊಡನೆ ಶಿಳ್ಳೆ ಹಾಕಿ ಅಸಭ್ಯ ಮಾತನಾಡಿದರೆ, ಅವರು ನಾಟಕದಿಂದ ಕಲಿತದ್ದೇನು? ಆಕೆಯೂ ಒಬ್ಬರ ಮನೆಯ ಮಗಳು. ಮಕ್ಕಳ ತಾಯಿಯೂ ಆಗಿರಬಹುದು. ಬೆಳಗಿನ ಜಾವದ ವರೆಗೆ ಹಾಡಿ, ಮೊದಲ ಬಸ್ಸಿಗೆ ಊರಿಗೆ ಹಿಂತಿರುಗತಕ್ಕವಳು. ಹೊರಗಿನ ಹೆಣ್ಣಿಗೆ ಗೌರವವಿಲ್ಲದ ವೇದಿಕೆಗೆ ಮನೆಯ ಹೆಣ್ಣನ್ನು ಕಳುಹಿಸಲು ತಾಯ್ತಂದೆಗಳು ಅಂಜುವುದು ಸಹಜವೇ. ಆದಕಾರಣ ತಿದ್ದತಕ್ಕದ್ದು ಹೆಣ್ಣುಮಕ್ಕಳ ಆಸೆಯನ್ನಲ್ಲ, ಸಭೆಯ ನಡತೆಯನ್ನು.

ಹಳೆಯ ವಿದ್ಯಾರ್ಥಿನಿಯರೇ, ಹೆಣ್ಣುಮಕ್ಕಳ ಶಾಲೆಯ ವಾರ್ಷಿಕೋತ್ಸವದಲ್ಲಿ ರಾಜ, ಮಂತ್ರಿ, ಸೇವಕ ಎಲ್ಲರೂ ಹುಡುಗಿಯರೇ ಅಲ್ಲವೇ! ಅಲ್ಲಿ ಗಟ್ಟಿಯಾಗಿ ಮಾತನಾಡಲು ಕಲಿತವಳು ಶಾಲೆಯನ್ನು ಬಿಟ್ಟ ದಿನವೇ ಆ ದನಿಯನ್ನು ಕೆಳಗಿಡಬೇಕೇ? ಸಭೆಯ ಮುಂದೆ ನಿಂತು ಸ್ಪಷ್ಟವಾಗಿ ನುಡಿಯಬಲ್ಲ ಹೆಣ್ಣು ಮುಂದೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗ್ರಾಮಸಭೆಯಲ್ಲಿ ತನ್ನ ಮಾತನ್ನು ತಾನೇ ಆಡಬಲ್ಲಳು. ನಾಟಕದಿಂದ ಸಿಕ್ಕುವ ಲಾಭಗಳಲ್ಲಿ ಇದು ಕನಿಷ್ಠವಾದುದಲ್ಲ.

ದಾರಿ ತೋರಿಸಿದವರೂ ಇದ್ದಾರೆ. ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಪುಟ್ಟ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಎಂಬ ನಾಟಕ ಸಂಘವು ಆರಂಭವಾಯಿತು. 1985ರಲ್ಲಿ ಮೊದಲ್ಗೊಂಡ ಅದರ ‘ತಿರುಗಾಟ’ ತಂಡದಲ್ಲಿ ತರಬೇತಿ ಪಡೆದ ಸ್ತ್ರೀಪುರುಷರು ಒಟ್ಟಿಗೆ ಊರೂರು ಸಂಚರಿಸಿ, ಕನ್ನಡದ ನಾಟಕಗಳನ್ನೂ ಪರಭಾಷೆಗಳಿಂದ ಬಂದ ನಾಟಕಗಳನ್ನೂ ಆಡಿ ತೋರಿಸಿದರು. ನಮ್ಮಲ್ಲಿಯೂ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿ ಹಳೆಯ ವೇಷಗಳನ್ನೂ ಗೊಂಬೆಗಳನ್ನೂ ಕಂಡರೆ, ನಾಟಕವು ಪಟ್ಟಣದಿಂದ ಬಂದ ಹೊಸ ಚಟವಲ್ಲ, ನೆಲದಲ್ಲಿಯೇ ಬೇರೂರಿದ ವಿದ್ಯೆಯೆಂಬುದು ತಿಳಿಯುವುದು.

ಬರಲಿರುವ ಸುಗ್ಗಿಗೆ ಕೆಲವು ಸೂಚನೆಗಳು. ಮೊದಲನೆಯದಾಗಿ, ಇಡೀ ರಾತ್ರಿಯ ಪೌರಾಣಿಕ ನಾಟಕದ ಜೊತೆಗೆ, ಸಂಜೆಯಲ್ಲಿಯೇ ಮುಗಿಯುವ ಚಿಕ್ಕ ನಾಟಕವೊಂದನ್ನು ಊರಿನ ಹೆಣ್ಣುಮಕ್ಕಳಿಗೆ ಬಿಟ್ಟುಕೊಡಬಹುದು. ಕೈಲಾಸಂ ಅವರ ಟೊಳ್ಳುಗಟ್ಟಿ, ಕುವೆಂಪು ಅವರ ಜಲಗಾರ ಇವು ಯೋಗ್ಯವಾದವು. ಎರಡನೆಯದಾಗಿ, ಅಭ್ಯಾಸವು ಬೆಳಕಿರುವಾಗಲೇ ಮುಗಿಯತಕ್ಕದ್ದು. ಹಿರಿಯ ಹೆಂಗಸೊಬ್ಬರು ಜೊತೆಯಲ್ಲಿರತಕ್ಕದ್ದು. ಮೂರನೆಯದಾಗಿ, ಕರೆಸಿದ ನಟಿಯರಿಗೆ ಬಟ್ಟೆ ಬದಲಾಯಿಸಲು ಬಾಗಿಲಿರುವ ಕೋಣೆ, ಬಿಸಿ ಊಟ, ಒಪ್ಪಿದಷ್ಟು ಸಂಭಾವನೆ ಇವುಗಳನ್ನು ತಪ್ಪದೆ ಒದಗಿಸತಕ್ಕದ್ದು. ನಾಲ್ಕನೆಯದಾಗಿ, ಅಸಭ್ಯವಾಗಿ ಕೂಗುವವನನ್ನು ಊರಿನ ಹಿರಿಯರೇ ಎದ್ದು ನಿಂತು ತಡೆಯತಕ್ಕದ್ದು.

ಕೊನೆಯದಾಗಿ, ನಾಟಕ ನೋಡಿ ಬಂದ ಮರುದಿನ ಮನೆಯಲ್ಲಿ ಮಕ್ಕಳೊಡನೆ ವಿಚಾರಿಸತಕ್ಕ ಪ್ರಶ್ನೆಗಳು:

1. ಈ ಕಥೆಯಲ್ಲಿ ಯಾರ ಮಾತು ನಿನಗೆ ನ್ಯಾಯವೆಂದು ತೋರಿತು? ಏಕೆ?
2. ಸ್ತ್ರೀಪಾತ್ರಗಳು ಎಷ್ಟು? ಅವರಿಗೆ ದುಃಖಿಸುವುದಲ್ಲದೆ ಬೇರೆ ಕೆಲಸವಿತ್ತೇ?
3. ಹಾಡಿದವರನ್ನು ಸಭೆಯು ಹೇಗೆ ನಡೆಸಿಕೊಂಡಿತು?
4. ನಿನಗೆ ಒಂದು ಪಾತ್ರವನ್ನು ಕೊಟ್ಟರೆ ಯಾವುದನ್ನು ಆರಿಸಿಕೊಳ್ಳುವೆ?

ನಾಲ್ಕನೆಯ ಪ್ರಶ್ನೆಗೆ ನಿಮ್ಮ ಮಗಳು ಕೊಡುವ ಉತ್ತರವನ್ನು ನಗದೆ ಕೇಳಿರಿ.