ಅತ್ತೆಯ ಮನೆಯ ನಾಯಿಯನ್ನು ನೋಡಿಕೊಳ್ಳಲು ಹೊರಟ ಚಿರಂಜೀವಿಗೆ

ಅಜ್ಜಂಪುರ

  

ತರೀಕೆರೆಯ ನಿನ್ನ ಅತ್ತೆಯು ಬರುವ ಭಾನುವಾರ ಸಂಜೆ ಕಡೂರಿಗೆ ಮದುವೆಯ ಆರತಕ್ಷತೆಗೆ ಬರುವಳೆಂದೂ, ಅವಳು ಹಿಂದಿರುಗುವವರೆಗೆ ಅವಳ ನಾಯಿಯ ಬಳಿ ಇರತಕ್ಕ ಭಾರ ನಿನ್ನ ಪಾಲಿಗೆ ಬಂದಿದೆಯೆಂದೂ ನಿನ್ನ ಕಾಗದದಿಂದ ತಿಳಿಯಿತು. ತನ್ನ ತಟ್ಟೆಯಲ್ಲಲ್ಲದೆ ಉಣ್ಣದ, ಅನ್ನ ಕೊಂಚ ಬಿಸಿಯಿದ್ದರೂ ಮೂಸಿ ಹಿಂದೆ ಸರಿಯುವ, ಹೊಸಬರು ಜಗಲಿ ಹತ್ತಿದೊಡನೆ ಮಂಚದ ಕೆಳಗೆ ಸೇರಿ ಗುರುಗುಟ್ಟುವ ಆ ಪ್ರಾಣಿಯ ಹಠ ನಮ್ಮ ಬಂಧುವರ್ಗದಲ್ಲೆಲ್ಲ ಪ್ರಸಿದ್ಧವಾದದ್ದು. ‘ಅದು ನನಗೆ ಹೊಂದಿಕೊಂಡೀತೇ?’ ಎಂದು ಕೇಳಿದ್ದೀಯೆ. ಒಂದು ಸಂಜೆಯಲ್ಲಿ ಹೊಂದಿಕೊಳ್ಳದು. ಹೊಂದಿಕೊಳ್ಳಲೆಂದು ನೀನು ಬಯಸಲೂ ಬಾರದು. ನಿನ್ನಂತೆಯೇ ಬಂಧುಗಳ ಮನೆಯ ನಾಯಿಯನ್ನು ನೋಡಿಕೊಳ್ಳಲು ಮೊದಲ ಸಲ ಹೊರಟ ಇತರ ಕಿರಿಯರಿಗೂ ಉಪಯೋಗವಾದೀತೆಂದು ಈ ಉತ್ತರವನ್ನು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ನಮ್ಮ ಅಜ್ಜಂಪುರದ ತಳಿಸಂವರ್ಧನ ಕೇಂದ್ರದ ಅಮೃತಮಹಲ್ ದನಗಳನ್ನು ನೀನು ನೋಡಿದ್ದೀಯೆ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆನಿಸಿ, ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದು, ದಂಡಿನ ಸರಂಜಾಮುಗಳನ್ನು ಎಳೆದು ಕೀರ್ತಿಗೊಂಡ ಆ ತಳಿಯು, ಕಾವಲುಗಳ ವಿಶಾಲವಾದ ಬಯಲಿನಲ್ಲಿ ಸ್ವೇಚ್ಛೆಯಾಗಿ ಬೆಳೆದದ್ದರಿಂದ, ತನ್ನನ್ನು ಮೇಯಿಸುವವನ ಕೂಗಿಗೆ ಓಗೊಡುವುದೇ ಹೊರತು ಹೊಸಬನು ಹತ್ತಿರ ಸುಳಿದರೆ ಕೊಂಬು ತಗ್ಗಿಸಿ ನಿಲ್ಲುವುದು. ಅದನ್ನು ಬಲ್ಲವರು ಯಾರೂ ದುಷ್ಟಸ್ವಭಾವವೆಂದು ಹಳಿಯುವುದಿಲ್ಲ. ನಿನ್ನ ಅತ್ತೆಯ ನಾಯಿಯ ಹಠವೂ ಇದೇ ಜಾತಿಯದು. ಒಬ್ಬಳ ಕೈಯಿಂದ ಉಂಡು, ಒಬ್ಬಳ ಹೆಜ್ಜೆಯ ಸಪ್ಪಳಕ್ಕೆ ಎದ್ದು ಬಂದು ರೂಢಿಯಾದ ಜೀವಕ್ಕೆ, ಅವಳು ಬಾಗಿಲು ದಾಟಿದ ಕ್ಷಣದಿಂದ ಕಾಯುವುದೊಂದೇ ಕೆಲಸವಾಗುತ್ತದೆ. ಆ ಕಾಯುವಿಕೆಗೆ ಜೊತೆಯಾಗಿ ಕುಳಿತಿರುವುದಷ್ಟೇ ನಿನ್ನಿಂದ ಆಗಬೇಕಾದದ್ದು. ಅದರ ಒಡೆತನವಾಗಲಿ ಒಲವಾಗಲಿ ನಿನಗೆ ಸಲ್ಲತಕ್ಕದ್ದಲ್ಲ.

ನಾಯಿಯ ನಿಷ್ಠೆಯನ್ನು ನಮ್ಮ ಪೂರ್ವಿಕರು ಎಷ್ಟು ಗೌರವಿಸಿದರೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಸಾಕ್ಷಿ. ಸುಮಾರು ಕ್ರಿ. ಶ. 950ರ ಆ ಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಜಯಿಸಿದಾಗ, ಪರಾಕ್ರಮ ಮೆರೆದ ಮಣಲೇರನೆಂಬ ವೀರನನ್ನು ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆನ್ನಲು, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ಕಾಳಿ ಒಂದು ಮಹಾವರಾಹದೊಡನೆ ಹೋರಾಡಿ, ಎರಡೂ ಒಟ್ಟಿಗೆ ಮಡಿಯಲು, ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅಲ್ಲಿನ ಪೂಜಾರಿಯಾದ ಗೊರವನು ಉಣ್ಣಕೂಡದೆಂದು ವಿಧಿಸಲಾಯಿತು. ಈ ಶಾಸನವನ್ನು ನೆನೆದಾಗಲೆಲ್ಲ, ಅದರಲ್ಲಿ ಹೇಳದೆ ಬಿಟ್ಟ ಒಂದು ಸಂಗತಿಯ ಕಡೆಗೆ ನನ್ನ ಮನಸ್ಸು ಹರಿಯುತ್ತದೆ: ಹಳೆಯ ಒಡೆಯನ ಕೈಬಿಟ್ಟು ಮಣಲೇರನ ಬೀಡಿಗೆ ಬಂದ ಮೊದಲ ಸಂಜೆ ಕಾಳಿ ಏನನ್ನಾದರೂ ತಿಂದಿತೇ? ಹಂದಿಯ ಮೇಲೆ ಬಿದ್ದು ಪ್ರಾಣಕೊಡುವಷ್ಟು ನೆಚ್ಚಿಕೆ ಒಂದು ದಿನದಲ್ಲಿ ಬಂದದ್ದಾಗಿರಲಾರದು.

ಆದುದರಿಂದ ನೀನು ಹೊತ್ತಿರುವಂತೆಯೇ ಕಡೂರು ಬಿಟ್ಟು, ಅತ್ತೆ ಮನೆಯಲ್ಲಿರುವಾಗಲೇ ತರೀಕೆರೆ ಸೇರು. ಅವಳು ನಿನ್ನನ್ನು ಒಳಗೆ ಕರೆದು ಆದರಿಸಿದ್ದನ್ನು ನಾಯಿ ಕಾಣಲಿ. ಅವಳು ಉಟ್ಟು ಬಿಟ್ಟ ಹಳೆಯ ಸೀರೆಯೊಂದನ್ನು ಒಗೆಯದೆ ಅದು ಮಲಗುವಲ್ಲಿ ಹಾಸಿಸು. ನಾಯಿಗೆ ಕಣ್ಣಿಗಿಂತ ಮೂಗೇ ಹೆಚ್ಚು ಸಮಾಧಾನ ಹೇಳುತ್ತದೆ. ಆಮೇಲೆ ನೀನು ನೆಲದ ಮೇಲೆ, ಅದಕ್ಕೆ ಮಗ್ಗುಲಾಗಿ, ಪುಸ್ತಕವೊಂದನ್ನು ಹಿಡಿದು ಕುಳಿತುಕೋ. ಎದುರಿಗೆ ನಿಂತು ದಿಟ್ಟಿಸುವುದು, ಮೇಲಿನಿಂದ ಬಾಗಿ ತಲೆ ಸವರುವುದು, ಮಂಚದ ಕೆಳಗೆ ಕೈಚಾಚಿ ಎಳೆಯುವುದು, ಇವು ಪ್ರೀತಿಯಿಂದ ಮಾಡಿದರೂ ಅದಕ್ಕೆ ಬೆದರಿಕೆಯಾಗಿಯೇ ತೋರುತ್ತವೆ. ನಿದ್ರೆಯ ಹೊತ್ತಲ್ಲದಾಗ ಆಕಳಿಸಿದರೆ, ಏನನ್ನೂ ತಿನ್ನದೆ ತುಟಿ ನೆಕ್ಕಿಕೊಂಡರೆ, ಮುಖವನ್ನು ಅತ್ತ ತಿರುಗಿಸಿದರೆ, ಅದು ಅಂಜಿದೆಯೆಂದು ತಿಳಿದು ಇನ್ನಷ್ಟು ದೂರ ಸರಿ. ಗುರುಗುಟ್ಟಿದರೆ ಗದರಬೇಡ, ಗುರುಗುಟ್ಟುವುದನ್ನು ದಂಡನೆಯಿಂದ ಮರೆಸಿದ ನಾಯಿ ಮುಂದೆ ಸೂಚನೆಯಿಲ್ಲದೆ ಕಚ್ಚೀತು. ನಮ್ಮ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳವರೆಗೆ ಕೇಳಬಲ್ಲುದಾದರೆ ನಾಯಿಯ ಕಿವಿ ಅದರ ಇಮ್ಮಡಿಗೂ ಮೀರಿ ಕೇಳುತ್ತದೆಯಾಗಿ, ಶಿವಮೊಗ್ಗದ ಕಡೆಯ ರೈಲು ಕೂಗಿದಾಗಲೋ ಬೀದಿಯಲ್ಲಿ ಪಟಾಕಿ ಹಾರಿದಾಗಲೋ ಅದು ನಡುಗೀತು. ಆಗ ಬೀದಿಯ ಕಿಟಕಿಗಳನ್ನು ಮುಚ್ಚಿ, ಅದು ಅಡಗಿದ ಮೂಲೆಯಲ್ಲಿಯೇ ಇರಗೊಡು.

ಊಟದ ವಿಷಯದಲ್ಲಿ ಅತ್ತೆ ಹೇಳಿದ ಅಳತೆಯನ್ನೂ ತಟ್ಟೆಯನ್ನೂ ವೇಳೆಯನ್ನೂ ಮೀರಬೇಡ. ಉಣ್ಣದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ತಟ್ಟೆಯನ್ನು ಎತ್ತಿಡು. ಬೆಳೆದ, ಆರೋಗ್ಯವಾಗಿರುವ ನಾಯಿ ಒಂದು ಹೊತ್ತು ಉಪವಾಸವಿದ್ದರೆ ಕೆಡುಕಿಲ್ಲ, ನೀರು ಮಾತ್ರ ಸದಾ ಇರಬೇಕು. ಅದನ್ನು ಒಲಿಸಿಕೊಳ್ಳಲು ನಿನ್ನ ಎಲೆಯಿಂದ ತೆಗೆದುಕೊಡುವ ಆಸೆಯಾದೀತು. ಈರುಳ್ಳಿ ಬೆಳ್ಳುಳ್ಳಿಗಳು ಅದರ ರಕ್ತವನ್ನು ಕೆಡಿಸುತ್ತವೆ, ದ್ರಾಕ್ಷಿಯೂ ಒಣದ್ರಾಕ್ಷಿಯೂ ಮೂತ್ರಪಿಂಡಕ್ಕೆ ವಿಷ, ಚಾಕೊಲೇಟು ಹೃದಯಕ್ಕೆ ಕೇಡು. ಅಡಕೆಯ ಸೀಮೆಯವರಾದ ನಾವು ವಿಶೇಷವಾಗಿ ಎಚ್ಚರವಾಗಿರಬೇಕಾದದ್ದು ಇನ್ನೊಂದುಂಟು. ಅಡಕೆಯಲ್ಲಿರುವ ಅರೆಕೊಲಿನ್ ಎಂಬ ದ್ರವ್ಯವನ್ನು ಹಿಂದೆ ಪಶುವೈದ್ಯರು ನಾಯಿಗಳ ಹೊಟ್ಟೆಯ ಲಾಡಿಹುಳುವನ್ನು ಕೆಡಹಲು ಔಷಧವಾಗಿ ಕೊಡುತ್ತಿದ್ದರು. ನ್ಯೂಜಿಲೆಂಡಿನಂಥ ದೂರದೇಶದಲ್ಲಿಯೂ ಅದು ಬಳಕೆಯಲ್ಲಿತ್ತು. ಔಷಧವಾದದ್ದೇ ಪ್ರಮಾಣ ಮೀರಿದರೆ ವಾಂತಿ, ಭೇದಿ, ಜೊಲ್ಲು, ನಡುಕಗಳನ್ನು ತಂದು ಸಣ್ಣ ನಾಯಿಯ ಪ್ರಾಣಕ್ಕೇ ಮುಳುವಾದೀತು. ಅಂಗಳದಲ್ಲಿ ಅಡಕೆ ಒಣಗುತ್ತಿದ್ದರೆ, ಹಂಡೆಯಲ್ಲಿ ಅಡಕೆ ಬೇಯಿಸಿದ ಚೊಗರು ಉಳಿದಿದ್ದರೆ, ನಾಯಿಯನ್ನು ಆ ಕಡೆ ಬಿಡಬೇಡ. ಹೊರಗೆ ಕರೆದೊಯ್ಯುವಾಗ ಕೊರಳ ಪಟ್ಟಿಗೆ ಹಗ್ಗವಿರಲೇಬೇಕು. ಕಾಯುತ್ತಿರುವ ನಾಯಿ ಬಾಗಿಲು ತೆರೆದೊಡನೆ ಒಡತಿಯನ್ನು ಅರಸಿ ಹೆದ್ದಾರಿಯತ್ತ ಓಡುವುದು ಅಪರೂಪವಲ್ಲ.

ಅಕಸ್ಮಾತ್ ಹಲ್ಲು ತಾಗಿದರೆ, ಗಾಯ ಎಷ್ಟೇ ಅಲ್ಪವಾಗಿರಲಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗು. ನಾಯಿಗೆ ಲಸಿಕೆಯಾಗಿದೆಯೆಂಬ ಭರವಸೆಯಿಂದ ವೈದ್ಯರ ಮಾತನ್ನು ಬಿಡಕೂಡದು. ಅರಿಸಿನ ಮೆತ್ತಿ ಸುಮ್ಮನಾಗಲೂ ಕೂಡದು.

ಅತ್ತೆ ಹಿಂದಿರುಗಿದಾಗ ನಾಯಿ ನಿನ್ನನ್ನು ದಾಟಿಕೊಂಡೇ ಅವಳ ಬಳಿಗೆ ಓಡುವುದು. ಅವರಿಬ್ಬರಿಗೂ ಆ ಹೊತ್ತನ್ನು ಬಿಟ್ಟುಕೊಟ್ಟು, ಅನಂತರ ಅದು ಉಂಡಿತೇ, ನೀರು ಕುಡಿಯಿತೇ, ಹೊರಗೆ ಹೋಗಿ ಬಂದಿತೇ, ಎಷ್ಟು ಹೊತ್ತು ಮುಲುಗಿತು ಎಂಬುದನ್ನೆಲ್ಲ ಇದ್ದದ್ದಿದ್ದಂತೆ ಹೇಳು. ಅವಳಿಗೆ ಸಂಕೋಚವಾದೀತೆಂದು ‘ಏನೂ ತೊಂದರೆಯಾಗಲಿಲ್ಲ’ ಎಂದು ಮರೆಮಾಚಿದರೆ, ರಾತ್ರಿಯಲ್ಲಿ ಅದಕ್ಕೆ ಏನು ಕೊಡಬೇಕೆಂಬುದು ಅವಳಿಗೆ ತಿಳಿಯದೆ ಹೋಗುತ್ತದೆ. ತುಂಬ ಹೊತ್ತಾದರೆ ಆ ರಾತ್ರಿ ಕಡೂರಿಗೆ ಹೊರಡಬೇಡ. ಅಲ್ಲಿಯೇ ಉಳಿದು ಬೆಳಗಿನ ಬಸ್ಸಿಗೆ ಹೋಗು. ನಿನ್ನ ತಾಯಿಗೆ ನಾನೇ ಹೇಳಿಕಳುಹಿಸುತ್ತೇನೆ.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ