ಒಂಟಿ ಪಯಣಿಗನ ಬಿಡಾರ

ಬಿಡಾರವೆಂದರೆ ದಾರಿಹೋಕನು ರಾತ್ರಿ ಕಳೆಯಲು ಹೂಡಿಕೊಳ್ಳುವ ತಾತ್ಕಾಲಿಕ ನೆಲೆ. ಹಿಂದೆ ಎತ್ತಿನ ಗಾಡಿಯವರು ಘಟ್ಟದ ಬುಡದಲ್ಲಿ ಬಿಡಾರ ಹೂಡುತ್ತಿದ್ದರು. ಯಾತ್ರಿಕರು ಅಶ್ವತ್ಥಕಟ್ಟೆಯ ಮೇಲೆ ಮಲಗಿ ಏಳುತ್ತಿದ್ದರು. ಈಗ ಅದೇ ದಾರಿಗಳಲ್ಲಿ ಇನ್ನೊಂದು ಬಗೆಯ ಪಯಣಿಗನನ್ನು ಕಾಣುತ್ತೇವೆ. ಮೋಟಾರು ಸೈಕಲ್ಲಿಗೆ ಡೇರೆಯನ್ನೂ ಹಾಸಿಗೆಯನ್ನೂ ಬಿಗಿದುಕೊಂಡು, ಜೊತೆಗೆ ಯಾರನ್ನೂ ಕರೆಯದೆ, ಅವನು ಮಂಗಳೂರಿನಿಂದ ಘಟ್ಟದ ಕಡೆಗೆ ಹೊರಡುತ್ತಾನೆ. ಯುವತಿಯರೂ ಹೀಗೆ ಹೊರಡುವುದುಂಟು. ಬಾಡಿಗೆ ತೆರದೆ, ತೆರೆದ ಆಕಾಶದ ಕೆಳಗೆ ಒಂದು ರಾತ್ರಿ ಕಳೆಯಬೇಕೆಂಬುದು ಅವರ ಬಯಕೆ. ಈ ಬಯಕೆಯಲ್ಲಿ ತಪ್ಪೇನೂ ಇಲ್ಲ. ಬಾಡಿಗೆಯಿಲ್ಲದ ನೆಲೆಗೆ ಬೆಲೆಯೂ ಇಲ್ಲವೆಂದು ಭಾವಿಸಿದಾಗ ಮಾತ್ರ ಅನರ್ಥ ಮೊದಲಾಗುತ್ತದೆ. ಆ ಬೆಲೆ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಪಯಣಿಗನಿಗೆ ಹಣ ಪಡೆಯದೆ ನೆಲೆ ಕೊಡುವ ಪದ್ಧತಿ ನಮ್ಮ ಕರಾವಳಿಗೆ ಹೊಸದಲ್ಲ. ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ 1340ರ ದಶಕದ ಆರಂಭದಲ್ಲಿ ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿ ಮಂಗಳೂರಿಗೂ ಬಂದಿದ್ದನು. ಅವನ ಗ್ರಂಥದಲ್ಲಿ ನಮ್ಮ ಊರಿನ ಹೆಸರು 'ಮಂಜರೂರು' ಎಂದಿದೆ. ಈ ಕರಾವಳಿಯ ದಾರಿಯಲ್ಲಿ ಅರ್ಧ ಅರ್ಧ ಮೈಲಿಗೆ ಮರದ ಮಾಡು, ಕುಳಿತುಕೊಳ್ಳಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇದ್ದುದನ್ನು ಅವನು ಬರೆದಿಟ್ಟಿದ್ದಾನೆ. ಯಾವ ಮತದವನಾದರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು. ದಾರಿಹೋಕನಿಗೆ ಬಿಟ್ಟಿಯಾಗಿ ದೊರೆತ ಆ ನೆರಳಿನ ಹಿಂದೆ ಬಾವಿ ತೋಡಿದವರ, ಮಾಡು ಹೊದಿಸಿದವರ, ನೀರು ಸೇದಿದವರ ದುಡಿಮೆ ಇತ್ತು. ಬಾಯಾರಿ ಬಂದವರಿಗೆ ಬೆಲ್ಲವನ್ನೂ ನೀರನ್ನೂ ಮುಂದಿಡುವ ನಮ್ಮ ಹಳ್ಳಿಮನೆಗಳ ರೂಢಿಯೂ ಅದೇ ಮನೋಧರ್ಮದ ಕುಡಿ.

ಬೇರೆ ದೇಶಗಳಲ್ಲಿ ಇಂಥ ಸೌಕರ್ಯವನ್ನು ಕಾನೂನೇ ಒದಗಿಸಿದೆ. ನಾರ್ವೆಯ 1957ರ ಕಾನೂನಿನ ಪ್ರಕಾರ ಸಾಗುವಳಿಯಿಲ್ಲದ ಬಯಲಿನಲ್ಲಿ ಯಾರು ಬೇಕಾದರೂ ಡೇರೆ ಹಾಕಬಹುದು. ಆದರೆ ಜನ ವಾಸಿಸುವ ಮನೆಯಿಂದ ಕನಿಷ್ಠ 150 ಮೀಟರ್ ದೂರವಿರಬೇಕು. ಸಾಮಾನ್ಯವಾಗಿ ಒಂದೇ ಸ್ಥಳದಲ್ಲಿ ಎರಡು ರಾತ್ರಿಗಳಿಗಿಂತ ಹೆಚ್ಚು ತಂಗಬಾರದು. ಅಮೆರಿಕದ ಪಶ್ಚಿಮ ಭಾಗದ ವಿಶಾಲವಾದ ಸರಕಾರಿ ಬಯಲುಗಳಲ್ಲಿಯೂ ಶುಲ್ಕವಿಲ್ಲದೆ ತಂಗಬಹುದು. ಅಲ್ಲಿಯೂ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನಗಳ ಮಿತಿಯುಂಟು. ಮುಕ್ತವಾದ ನೆಲೆ ಇರುವಲ್ಲಿಯೂ ಮಿತಿ ಇದ್ದೇ ಇದೆ.

ನಮ್ಮ ನಾಡಿನ ಸ್ಥಿತಿ ಬೇರೆ. ಇಲ್ಲಿ ಜನಸಾಂದ್ರತೆ ಹೆಚ್ಚು. ಉಳಿದಿರುವ ಕಾಡು ಕಡಿಮೆ. 2012ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 10 ಕರ್ನಾಟಕದಲ್ಲಿವೆ; ಕುದುರೆಮುಖ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ ಮತ್ತು ಸೋಮೇಶ್ವರ ಅಭಯಾರಣ್ಯಗಳು ಅವುಗಳಲ್ಲಿ ಸೇರಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇಂಥ ಅರಣ್ಯಗಳಲ್ಲಿ ಅನುಮತಿಯಿಲ್ಲದೆ ಪ್ರವೇಶಿಸಿ ತಂಗುವುದು ಅಪರಾಧ. ಕಾಡಿನ ಹೊರಗಿನ ಬೇಲಿಯಿಲ್ಲದ ಗುಡ್ಡವನ್ನೂ ಯಾರದೂ ಅಲ್ಲವೆಂದು ಎಣಿಸಬಾರದು. ದಕ್ಷಿಣ ಕನ್ನಡದಲ್ಲಿ ವರ್ಗದ ಜಮೀನಿನ ಅಂಚಿಗೆ ನೂರು ಗಜದೊಳಗಿನ ಸರಕಾರಿ ನೆಲಕ್ಕೆ 'ಕುಮ್ಕಿ' ಎಂದು ಹೆಸರು. ಅಲ್ಲಿಂದ ಸೊಪ್ಪು ಸೌದೆ ತರುವ, ದನ ಮೇಯಿಸುವ ಸೌಲಭ್ಯ ಆ ಜಮೀನಿನ ಕೃಷಿಕನದು. ನಮಗೆ ಬರಿಯ ಗುಡ್ಡವಾಗಿ ಕಂಡದ್ದು ಅವನಿಗೆ ತೋಟದ ಗೊಬ್ಬರದ ಮೂಲ.

ಆದ್ದರಿಂದ ಈ ಬೆಲೆಯ ಮೊದಲ ಕಂತು ಕೇಳುವುದು. ಶಾಲೆಯ ಬಯಲಾದರೆ ಮುಖ್ಯೋಪಾಧ್ಯಾಯರನ್ನು, ದೇವಾಲಯದ ಅಂಗಳವಾದರೆ ಅದರ ಆಡಳಿತದವರನ್ನು, ತೋಟವಾದರೆ ಮನೆಯವರನ್ನು, ಕಾಡಾದರೆ ಅರಣ್ಯ ಇಲಾಖೆಯನ್ನು ಕೇಳಬೇಕು. "ಅಮ್ಮಾ, ಮಂಗಳೂರಿನಿಂದ ಬಂದಿದ್ದೇನೆ. ಈ ರಾತ್ರಿ ನಿಮ್ಮ ಅಂಗಳದ ಮೂಲೆಯಲ್ಲಿ ಡೇರೆ ಹಾಕಿಕೊಳ್ಳಲು ಅಪ್ಪಣೆ ಕೊಡುವಿರಾ? ಬೆಳಿಗ್ಗೆ ಬೇಗನೆ ಹೊರಡುತ್ತೇನೆ" ಎಂದು ಕೇಳಿದವನ ಮಾತಿನಲ್ಲಿ ಅವನ ಪರಿಚಯವೂ ಇದೆ, ವಿನಯವೂ ಇದೆ, ಹೊರಡುವ ವೇಳೆಯೂ ಇದೆ. ಹಾಗೆ ಕೇಳಿದವನಿಗೆ ನೆಲದ ಜೊತೆಗೆ ಊರಿನ ರಕ್ಷಣೆಯೂ ದೊರೆಯುತ್ತದೆ. "ಇಲ್ಲ" ಎಂಬ ಉತ್ತರ ಬಂದರೆ ಮುನಿಸಿಲ್ಲದೆ ಮುಂದೆ ಸಾಗಬೇಕು.

ಎರಡನೆಯ ಕಂತು ತಿಳಿವಳಿಕೆ. ಒಂಟಿಯಾಗಿ ಹೋಗುವವನಿಗೆ ವಾಹನವೇ ಸಂಗಾತಿ. ಹೊರೆಯನ್ನು ಎತ್ತರಕ್ಕೆ ಪೇರಿಸಿದರೆ ತಿರುವುಗಳಲ್ಲಿ ವಾಹನ ಓಲಾಡುತ್ತದೆ. ಭಾರವಾದ ವಸ್ತುಗಳನ್ನು ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿ ಸಮತೂಕವಾಗಿ, ಕೆಳಮಟ್ಟದಲ್ಲಿ ಕಟ್ಟಬೇಕು. ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನೇ ಎಡೆಬಿಡದೆ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪಂಕ್ಚರು ತಿದ್ದುವ ಸಾಮಗ್ರಿ, ಸ್ಪಾನರುಗಳು, ಟಾರ್ಚು, ಔಷಧ, ಸಾಕಷ್ಟು ನೀರು ಕೈಗೆಟಕುವಂತಿರಬೇಕು. ಯಾವ ದಾರಿ, ಎಲ್ಲಿ ತಂಗುವುದು, ಎಂದು ಮರಳುವುದು ಎಂಬುದನ್ನು ಮನೆಯವರಿಗೆ ಬರೆದುಕೊಟ್ಟು ಹೊರಡಬೇಕು. ಘಟ್ಟದ ಅನೇಕ ಕಡೆ ದೂರವಾಣಿಯ ಸಂಪರ್ಕ ದೊರೆಯದು. ಬಿದ್ದವನನ್ನು ಎತ್ತಲು ಜೊತೆಗಾರನೂ ಇರುವುದಿಲ್ಲ.

ಕತ್ತಲೆಗೆ ಒಂದು ಗಂಟೆ ಮುಂಚೆಯೇ ಬಿಡಾರದ ಸ್ಥಳ ನಿಶ್ಚಯವಾಗಿರಬೇಕು. ಹೊಳೆಯ ಪಾತ್ರದ ಒಣ ಮರಳು ಹಾಸಿಗೆಯಂತೆ ಮೃದುವಾಗಿ ತೋರುತ್ತದೆ. ಆದರೆ ದೂರದ ಶಿಖರದಲ್ಲಿ ಮಳೆ ಸುರಿದರೆ ಇಲ್ಲಿ ಹನಿ ಬೀಳದಿದ್ದರೂ ನೀರು ನುಗ್ಗಬಹುದು. ಒಣಗಿದ ಮರದ ಕೆಳಗೆ, ತೆಂಗಿನ ಮರದ ಬುಡದಲ್ಲಿ, ಆನೆಗಳು ತಿರುಗಾಡುವ ಜಾಡಿನಲ್ಲಿ ಮಲಗಬಾರದು. ಒದ್ದೆ ನೆಲದಲ್ಲಿ ವಾಹನದ ಸ್ಟ್ಯಾಂಡು ಹೂತುಹೋಗದಂತೆ ಅದರಡಿಗೆ ಚಪ್ಪಟೆಯಾದ ಕಲ್ಲಿಡಬೇಕು. ಮಳೆಗಾಲದಲ್ಲಿ ಘಟ್ಟದ ಬಿಡಾರದ ಆಸೆಯನ್ನೇ ಬಿಡುವುದು ಲೇಸು. 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿ ಘಟ್ಟದಲ್ಲಿ ಹಲವೆಡೆ ಗುಡ್ಡ ಜರಿದು ರಸ್ತೆಯೇ ಮುಚ್ಚಿಹೋಗಿತ್ತು.

ಬೇಸಗೆಯ ಅಪಾಯ ಕಣ್ಣಿಗೆ ಸುಲಭವಾಗಿ ಕಾಣದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣುಗು ಎಂಬ ಚಿಕ್ಕ ಜೀವಿಯ ಕಡಿತದಿಂದ ಹರಡುತ್ತದೆ. 1982–83ರಲ್ಲಿ ಅದು ನಮ್ಮ ಬೆಳ್ತಂಗಡಿ ತಾಲ್ಲೂಕಿನಲ್ಲಿಯೂ ಹಬ್ಬಿ ಪ್ರಾಣಹಾನಿ ಮಾಡಿತು. ಒಣ ತರಗೆಲೆಗಳ ಮೇಲೆ ಕೂರುವುದೂ ಮಲಗುವುದೂ ಈ ಕಾರಣದಿಂದ ಅಪಾಯಕರ. ಸತ್ತ ಮಂಗ ಕಂಡರೆ ಆ ಸ್ಥಳವನ್ನು ಬಿಟ್ಟು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅದೇ ಒಣ ಕಾಲದಲ್ಲಿ ಘಟ್ಟದ ನೆತ್ತಿಯ ಹುಲ್ಲುಗಾವಲು ಬತ್ತಿಹೋಗಿರುತ್ತದೆ. ಚಳಿಗೆಂದು ಹಾಕಿದ ಒಂದು ಹಿಡಿ ಬೆಂಕಿಯ ಕಿಡಿ ಗಾಳಿಗೆ ಹಾರಿದರೆ, ನೆಲದಲ್ಲಿ ಗೂಡು ಕಟ್ಟಿದ ಹಕ್ಕಿಯ ಮರಿಗಳಿಗೆ ಓಡಲು ದಾರಿಯಿರದು.

ಮೂರನೆಯ ಕಂತು ಸಂಯಮ. ಇದು ಮಂಗಳೂರಿನ ಮನೆಮನೆಗೂ ಸಂಬಂಧಿಸಿದ್ದು. ಚಾರ್ಮಾಡಿಯ ಕಡೆಯಿಂದ ಇಳಿಯುವ ಮೃತ್ಯುಂಜಯ ಹೊಳೆ ನೇತ್ರಾವತಿಯನ್ನು ಸೇರುತ್ತದೆ. ಸುಬ್ರಹ್ಮಣ್ಯದ ಕಡೆಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ಅವಳೊಡನೆ ಕೂಡುತ್ತದೆ. ಆ ನೀರನ್ನು ತುಂಬೆಯ ಅಣೆಕಟ್ಟಿನಲ್ಲಿ ತಡೆದು ನಗರಕ್ಕೆ ಕೊಡುತ್ತಾರೆ. ಘಟ್ಟದ ತೊರೆಯಲ್ಲಿ ಸಾಬೂನು ಹಚ್ಚಿ ಪಾತ್ರೆ ತೊಳೆದವನು, ವಾಹನದ ಎಣ್ಣೆ ಚೆಲ್ಲಿದವನು, ಪ್ಲಾಸ್ಟಿಕ್ಕನ್ನು ಎಸೆದವನು ತನ್ನ ಮನೆಯ ನಲ್ಲಿಯ ಮೂಲವನ್ನೇ ಕಲುಷಿತಗೊಳಿಸುತ್ತಾನೆ. ನೀರಿನಿಂದ ಅರುವತ್ತು ಮೀಟರ್‌ಗಳಷ್ಟು ದೂರ ಸರಿದು ಬಿಡಾರ ಹೂಡಬೇಕು. ತಂದ ಕಸವನ್ನೆಲ್ಲ ಮರಳಿ ಒಯ್ಯಬೇಕು.

ಇಷ್ಟೆಲ್ಲ ಕಟ್ಟುಪಾಡುಗಳಿದ್ದ ಮೇಲೆ ಈ ಪಯಣದಲ್ಲಿ ಸುಖವೆಲ್ಲಿ ಎಂದು ನೀವು ಕೇಳಬಹುದು. ಯಂತ್ರದ ಸದ್ದು ನಿಂತ ಮೇಲೆ ಕಿವಿಗೆ ಬೀಳುವ ಜೀರುಂಡೆಯ ಶ್ರುತಿ, ನಗರದ ದೀಪಗಳು ಮರೆಮಾಡಿದ್ದ ನಕ್ಷತ್ರಗಳು, ತನ್ನ ಅನ್ನವನ್ನು ತಾನೇ ಬೇಯಿಸಿಕೊಂಡ ತೃಪ್ತಿ ಇವು ಸಣ್ಣ ಸುಖಗಳಲ್ಲ. ಕೇಳಲು ಯಾರೂ ಇಲ್ಲದಾಗ ಮನುಷ್ಯ ತಾನೇ ನಿರ್ಧರಿಸಲು ಕಲಿಯುತ್ತಾನೆ. ನೋಡಲು ಯಾರೂ ಇಲ್ಲದಾಗ ಅವನು ಹೇಗೆ ನಡೆದುಕೊಳ್ಳುತ್ತಾನೆಂಬುದರಲ್ಲಿ ಅವನ ಶಿಕ್ಷಣದ ಪರೀಕ್ಷೆಯೂ ಇದೆ.

ಗೇರಿರುವ ಮೋಟಾರು ಸೈಕಲ್ಲನ್ನು ನಡೆಸಲು 18 ವರ್ಷ ತುಂಬಿರಬೇಕು. ನಿಮಗೆ ಇನ್ನೂ ಕೆಲವು ವರ್ಷಗಳ ಕಾಲಾವಕಾಶವಿದೆ. ಅಲ್ಲಿಯವರೆಗೆ ಶಾಲೆಯ ಪ್ರವಾಸದಲ್ಲಿ, ಸ್ಕೌಟ್ ಶಿಬಿರದಲ್ಲಿ ಈ ಪಾಠವನ್ನು ಅಭ್ಯಾಸ ಮಾಡಬಹುದು. ಮುಂಜಾನೆ ಡೇರೆ ಮಡಚಿದ ಮೇಲೆ ಒಮ್ಮೆ ಹಿಂತಿರುಗಿ ನೋಡಿರಿ. ಬಾಗಿದ ಹುಲ್ಲನ್ನು ಬಿಟ್ಟು ನಿಮ್ಮ ಗುರುತು ಬೇರೇನೂ ಅಲ್ಲಿ ಉಳಿದಿರದಿದ್ದರೆ ನೀವು ಬೆಲೆಯನ್ನು ಪೂರ್ತಿಯಾಗಿ ತೆತ್ತಿದ್ದೀರಿ. ಮುಂದಿನ ಪಯಣಿಗನಿಗೂ ಅಲ್ಲಿ ಒಂದು ರಾತ್ರಿ ಉಳಿದಿದೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಇಬ್ನ್ ಬತೂತನ ಗ್ರಂಥದಲ್ಲಿ ಮಂಗಳೂರಿನ ಹೆಸರು ಹೇಗಿದೆ?
2. ಕುಮ್ಕಿ ಎಂದರೇನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹೊಳೆಯ ಪಾತ್ರದಲ್ಲಿ ಏಕೆ ಬಿಡಾರ ಹೂಡಬಾರದು?
2. ಘಟ್ಟದ ತೊರೆಗೂ ಮಂಗಳೂರಿನ ನಲ್ಲಿಗೂ ಇರುವ ಸಂಬಂಧವನ್ನು ವಿವರಿಸಿರಿ.

ಇ. 'ಬಾಡಿಗೆಯಿಲ್ಲದ ನೆಲೆಗೂ ಬೆಲೆಯುಂಟು' — ಪಾಠದ ಆಧಾರದಿಂದ ಸಮರ್ಥಿಸಿರಿ.

ಈ. ನಿಮ್ಮ ಊರಿನ ಹಳೆಯ ಕಟ್ಟೆ, ಛತ್ರ ಅಥವಾ ದಾರಿಬದಿಯ ಬಾವಿಯನ್ನು ಕಟ್ಟಿಸಿದವರು ಯಾರೆಂದು ಹಿರಿಯರಿಂದ ತಿಳಿದು ಒಂದು ಪುಟ ಬರೆಯಿರಿ.