ನೆನಪಿನ ಶಕ್ತಿಗೆ ಔಷಧಿ ಕೇಳುವ ಮೊದಲು

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ನಮ್ಮ ಚಿಕ್ಕೋಡಿ ಭಾಗದಲ್ಲಿ ಹಕೀಮರ ಬಳಿ ಬರುವ ತಾಯಂದಿರ ಮಾತು ಹೆಚ್ಚು ಕಡಿಮೆ ಒಂದೇ: "ಹಕೀಮ್ ಸಾಬ, ಹುಡುಗ ರಾತ್ರಿ ಹನ್ನೆರಡರ ತನಕಾ ಓದತಾನ್ರೀ. ಪೇಪರ್ ಮುಂದ ಕುಂತರ ಏನೂ ನೆನಪಾಗೂದಿಲ್ಲ ಅಂತಾನ. ತಲಿಗೆ ಏನರ ಔಷಧಿ ಕೊಡ್ರೀ."

ಈ ಆತಂಕಕ್ಕೆ ಕಾರಣವಿದೆ. ನಿಪ್ಪಾಣಿಯ ಬೀಡಿ ಕಟ್ಟುವ ಮನೆಯ ಹುಡುಗಿ ಹತ್ತನೆಯಲ್ಲಿ ನಪಾಸಾದರೆ ಅವಳಿಗೆ ಕಾದಿರುವುದು ಅದೇ ಬೀಡಿ, ಇಲ್ಲವೇ ಮದುವೆಯ ಮಾತು. ರಾಯಬಾಗ, ಅಥಣಿ, ಕಾಗವಾಡದ ಹುಡುಗ ಕಬ್ಬಿನ ಹೊಲಕ್ಕೋ ಗ್ಯಾರೇಜಿಗೋ ಹೋಗುತ್ತಾನೆ. 'ಇವನಿಗೆ ಓದು ಹತ್ತುವುದಿಲ್ಲ' ಎಂಬ ಒಂದು ಮಾತಿನಿಂದ ಒಂದು ಬದುಕಿನ ದಾರಿಯೇ ಬದಲಾಗಿಬಿಡುತ್ತದೆ. ಆ ಮಾತು ಆಡುವ ಮೊದಲು ಮಗು ಹೇಗೆ ಓದುತ್ತಿದೆ ಎಂದು ನೋಡಿದ್ದೇವೆಯೇ?

ಖಮೀರಾ, ಬಾದಾಮಿ, ಹಾಲು ಇವೆಲ್ಲ ತಮ್ಮ ತಮ್ಮ ಜಾಗದಲ್ಲಿರಲಿ. ತಪ್ಪು ರೀತಿಯ ಓದನ್ನು ಸರಿಪಡಿಸುವ ಔಷಧಿ ಯಾವ ವೈದ್ಯ ಪದ್ಧತಿಯಲ್ಲೂ ಇಲ್ಲ.

ಮೊದಲು ದೇಹವನ್ನು ನೋಡಿ

ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತಾರೆ: ಗಾಳಿ, ಅನ್ನ-ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೋಗಬೇಕಾದದ್ದು ಹೋಗುವುದು. ಓದುವ ಮಗುವಿಗೂ ಇದೇ ಲೆಕ್ಕ.

ಹದಿಹರೆಯದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ಹಗಲು ಓದಿದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ರೆಯಲ್ಲಿ. ಹನ್ನೆರಡರವರೆಗೆ ಓದಿಸಿ ಫಜ್ರ್‌ಗೆ ಎಬ್ಬಿಸಿದರೆ ಓದಿದ್ದೂ ಉಳಿಯದು, ನಿದ್ರೆಯೂ ಆಗದು. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಸುಸ್ತು, ತಲೆಸುತ್ತು ಬರಬಹುದು, ಪುಸ್ತಕದ ಮೇಲೆ ಗಮನ ನಿಲ್ಲದಿರಬಹುದು. ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ತಪ್ಪಿಸಬೇಡಿ. ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಹಲಗೆಯ ಮೇಲಿನ ಅಕ್ಷರ ಕಾಣದ ಮಗುವನ್ನು ದಡ್ಡ ಎಂದುಬಿಡುವುದುಂಟು. ಮನೆಯಲ್ಲಿ ಬೀಡಿ ಕೆಲಸವಿದ್ದರೆ ಓದುವ ಜಾಗ ತಂಬಾಕಿನಿಂದ ದೂರವಿರಲಿ. ಅದರ ಧೂಳು ತಲೆನೋವು, ವಾಕರಿಕೆ ತರುತ್ತದೆ. ಕೆಲಸದಿಂದ ಎದ್ದವರು ಸಾಬೂನಿನಿಂದ ಕೈ ತೊಳೆದೇ ಪುಸ್ತಕ ಮುಟ್ಟಲಿ.

ಸುಲಭವೆನಿಸುವ ಓದು ಮೋಸ ಮಾಡುತ್ತದೆ

ದೇಹ ಸರಿಯಿದ್ದೂ ನೆನಪು ಉಳಿಯದಿದ್ದರೆ ರೀತಿಯನ್ನು ನೋಡಬೇಕು. ಹೆಚ್ಚಿನ ಮಕ್ಕಳಿಗೆ ಓದು ಎಂದರೆ ಅದೇ ಪುಟವನ್ನು ಮತ್ತೆ ಮತ್ತೆ ಓದುವುದು. ಮೂರನೆಯ ಸಲ ಓದುವಾಗ ಎಲ್ಲವೂ ಪರಿಚಿತವೆನಿಸಿ 'ನನಗೆ ಬಂತು' ಎಂಬ ಧೈರ್ಯ ಮೂಡುತ್ತದೆ. ಆದರೆ ಗುರುತು ಹಿಡಿಯುವುದು ಬೇರೆ, ನೆನಪಿನಿಂದ ತೆಗೆದು ಬರೆಯುವುದು ಬೇರೆ. ಪರೀಕ್ಷೆ ಕೇಳುವುದು ಎರಡನೆಯದನ್ನು.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಇದನ್ನು ಅಳೆದು ನೋಡಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಮೂರು ಸುತ್ತು ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಶೇ. 40, ಬರೆದವರಿಗೆ ಶೇ. 61. ನಾಲ್ಕು ಸುತ್ತು ಓದಿದವರಿಗೇ 'ನಮಗೆ ನೆನಪಿರುತ್ತದೆ' ಎಂಬ ನಂಬಿಕೆ ಹೆಚ್ಚಾಗಿತ್ತು!

ಇದು ನಮಗೆ ಹೊಸದೇನಲ್ಲ. ಕುರ್‌ಆನ್ ಹಿಫ್ಝ್ ಮಾಡುವ ಮಕ್ಕಳ ದಿನಚರಿ ನೋಡಿ. ಅಂದಿನ ಹೊಸ ಪಾಠ ಸಬಕ್, ಇತ್ತೀಚೆಗೆ ಕಲಿತದ್ದು ಸಬ್ಕೀ, ಹಿಂದೆ ಕಲಿತದ್ದು ಮಂಝಿಲ್. ಮೂರನ್ನೂ ಉಸ್ತಾದರ ಮುಂದೆ ನೋಡದೆ ಒಪ್ಪಿಸಬೇಕು. ಸುಮಾರು ಎಂಟು ನೂರು ವರ್ಷಗಳ ಹಿಂದೆ ಇಮಾಮ್ ಝರ್ನೂಜಿಯವರು 'ತಅ್ಲೀಮುಲ್ ಮುತಅಲ್ಲಿಮ್' ಎಂಬ ಕೃತಿಯಲ್ಲಿ ವಿದ್ಯಾರ್ಥಿಗೆ ಹೇಳಿದ ಲೆಕ್ಕವೂ ಇದೇ ಬಗೆಯದು: ನಿನ್ನೆಯ ಪಾಠ ಐದು ಸಲ, ಮೊನ್ನೆಯದು ನಾಲ್ಕು ಸಲ, ಅದರ ಹಿಂದಿನದು ಮೂರು, ಹೀಗೆ ಇಳಿಯುತ್ತಾ ಒಂದರವರೆಗೆ. ಮದ್ರಸಾದಲ್ಲಿ ಇಷ್ಟು ಚೆನ್ನಾಗಿ ನಡೆಯುವ ಕ್ರಮವನ್ನು ನಾವು ವಿಜ್ಞಾನ, ಸಮಾಜದ ಪುಸ್ತಕಕ್ಕೆ ಮಾತ್ರ ಬಳಸುವುದಿಲ್ಲ. ಒಂದು ವ್ಯತ್ಯಾಸವಿದೆ. ಹಿಫ್ಝ್‌ನಲ್ಲಿ ಒಂದಕ್ಷರವೂ ಬದಲಾಗಬಾರದು. ಶಾಲೆಯ ಪಾಠದಲ್ಲಿ ಅರ್ಥ ಹಿಡಿದು ಸ್ವಂತ ಮಾತಿನಲ್ಲಿ ಹೇಳಬೇಕು, 'ಏಕೆ' ಎಂಬ ಪ್ರಶ್ನೆಗೆ ಉತ್ತರ ಬರಬೇಕು.

ಹಾಗಾದರೆ ಮಿಜಾಜ್?

'ಒಬ್ಬೊಬ್ಬರ ಮಿಜಾಜ್ ಬೇರೆ ಎನ್ನುತ್ತೀರಿ, ಎಲ್ಲರಿಗೂ ಒಂದೇ ರೀತಿ ಹೇಗೆ?' ಎಂದು ನೀವು ಕೇಳಬಹುದು. ಹಸಿವು ಎಲ್ಲರಿಗೂ ಒಂದೇ, ಊಟದ ಹೊತ್ತು ಮತ್ತು ಪ್ರಮಾಣ ಬೇರೆ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು, ದಿನ ಬಿಟ್ಟು ಮತ್ತೆ ನೋಡುವುದು ಎಲ್ಲರಿಗೂ ಬೇಕು. ಬೆಳಗ್ಗೆಯೋ ಸಂಜೆಯೋ, ಒಬ್ಬರೇ ಕುಳಿತೋ ಗೆಳತಿಯ ಜೊತೆಯೋ, ಬರೆದೋ ಬಾಯಲ್ಲಿ ಹೇಳಿಯೋ ಎಂಬುದನ್ನು ಮಗುವಿಗೆ ತಕ್ಕಂತೆ ಹುಡುಕಿಕೊಳ್ಳಬೇಕು. 'ಇವನು ಕೇಳಿ ಕಲಿಯುವವನು, ಇವಳು ನೋಡಿ ಕಲಿಯುವವಳು' ಎಂದು ಮಕ್ಕಳಿಗೆ ಚೀಟಿ ಅಂಟಿಸುವುದಕ್ಕೆ ಗಟ್ಟಿ ಆಧಾರವಿಲ್ಲ ಎಂದು 2008ರಲ್ಲಿ ನಡೆದ ಒಂದು ದೊಡ್ಡ ಪರಾಮರ್ಶೆ ಹೇಳಿದೆ.

ಭಾಷೆಯ ಮಾತೂ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಮಾತು ದಖನಿ ಉರ್ದು, ಬೀದಿಯಲ್ಲಿ ಮರಾಠಿ, ಪುಸ್ತಕ ಕನ್ನಡದ್ದು. ಅಂಥ ಮಗು ಮೊದಲು ಪಾಠವನ್ನು ಅಮ್ಮಿಗೆ ಮನೆಮಾತಿನಲ್ಲೇ ಬಿಡಿಸಿ ಹೇಳಲಿ. ಹೇಳಲು ಬಂದರೆ ಅರ್ಥವಾಗಿದೆ ಎಂದು ತಿಳಿಯಿರಿ. ಆಮೇಲೆ ಪರೀಕ್ಷೆಯ ಭಾಷೆಯಲ್ಲಿ ಬರೆಯಲಿ. ಅಮ್ಮಿಗೆ ಓದು ಬಾರದಿದ್ದರೂ ಕೇಳುವ ಕಿವಿಯಿದ್ದರೆ ಸಾಕು.

ಮನೆಯಲ್ಲೇ ಮಾಡಿ ನೋಡಿ

ಪಥ್ಯದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲ ನೋಡುತ್ತೇವೆ. ಓದಿಗೂ ಹಾಗೆಯೇ ಮಾಡಿ.

1. ಒಂದೇ ವಿಷಯದ, ಹೆಚ್ಚು ಕಡಿಮೆ ಒಂದೇ ಉದ್ದದ ಎರಡು ಪಾಠ ಆರಿಸಿ. ಎರಡಕ್ಕೂ ಒಂದೊಂದು ಗಂಟೆ.

2. ಮೊದಲನೆಯದನ್ನು ಎಂದಿನಂತೆ ಓದಲಿ. ಎರಡನೆಯದನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆಯಲಿ. ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಗುರುತಿಸಿ ಮತ್ತೊಮ್ಮೆ ಬರೆಯಲಿ.

3. ಮೂರು ದಿನ ಎರಡನ್ನೂ ಮುಟ್ಟಬಾರದು. ನಾಲ್ಕನೆಯ ದಿನ ಎರಡರಿಂದಲೂ ಹತ್ತು ಹತ್ತು ಪ್ರಶ್ನೆ ಕೇಳಿ ಅಂಕ ಬರೆದಿಡಿ.

4. ಮುಂದಿನ ವಾರ ಹೊತ್ತನ್ನು ಬದಲಿಸಿ: ಫಜ್ರ್ ನಂತರ ಒಂದು ಪಾಠ, ಮಗ್ರಿಬ್ ನಂತರ ಒಂದು. ಅದರ ಮುಂದಿನ ವಾರ ಒಂಟಿ ಓದು, ಜೋಡಿ ಓದು. ಮೊಬೈಲ್ ಮಾತ್ರ ಎಲ್ಲ ದಿನವೂ ಬೇರೆ ಕೋಣೆಯಲ್ಲಿರಲಿ.

ಮಗುವಿಗೆ ಯಾವುದು ಹಿತವೆನಿಸಿತು ಎಂದು ಕೇಳಬೇಡಿ, ಅಂಕವನ್ನು ನೋಡಿ. ನೆನಪಿಸಿಕೊಂಡು ಬರೆಯುವುದು ಮೊದಮೊದಲು ಕಷ್ಟವೆನಿಸುತ್ತದೆ. 'ನನಗೇನೂ ಬರುವುದಿಲ್ಲ' ಎಂದು ಮಗು ಅಳಲೂಬಹುದು. ಆಗ ಬೈಯಬೇಡಿ. ಆ ತಿಣುಕಾಟದಲ್ಲೇ ನೆನಪು ಬೇರು ಬಿಡುತ್ತದೆ.

ಒಂದು ಸಲ ನಪಾಸಾದ ಮಕ್ಕಳಿಗೂ ದಾರಿ ಮುಚ್ಚಿಲ್ಲ. ಈಗ ಎಸ್ಸೆಸ್ಸೆಲ್ಸಿಯಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಬೀಡಿಯ ಕೆಲಸ, ಮದುವೆಯ ಮಾತು ಇನ್ನೊಂದು ವರ್ಷ ಕಾಯಬಲ್ಲವು. ಇಂದು ರಾತ್ರಿ ನಿಮ್ಮ ಮಗುವಿನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿ, "ಈಗ ಓದಿದ್ದು ಏನು, ನನಗೆ ಹೇಳು ಬೇಟಾ" ಎಂದು ಕೇಳಿ. ಹೇಳಿ ಮುಗಿಸಿದ ಮೇಲೆ ಹತ್ತು ಗಂಟೆಯೊಳಗೆ ಮಲಗಿಸಿ.